ಕಾಯಕದ ಕಲಿಕೆಯೂ ಅದರ ಪರೀಕ್ಷೆಯೂ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಶುಭಸಮಯದಲ್ಲಿ ಧರ್ಮದ ಮಹಿಮೆಯನ್ನೋ ಪುರಾತನರ ಚರಿತ್ರೆಯನ್ನೋ ಕುರಿತು ಮಾತನಾಡಲು ನನಗಿಂತ ಯೋಗ್ಯರಾದ ಅನೇಕರು ಇಲ್ಲಿರುವರು. ನನಗೆ ಶ್ರೀಗಳು ಅಪ್ಪಣೆ ಕೊಡಿಸಿದ ವಿಷಯವು ಬೇರೆ. ನಮ್ಮ ಮಕ್ಕಳು ಶಾಲೆ ಕಾಲೇಜುಗಳಲ್ಲಿ ಓದುತ್ತಿರುವಾಗಲೇ ಕಾರ್ಖಾನೆ, ಹೊಲ, ಆಸ್ಪತ್ರೆ, ಕಚೇರಿ, ಶಾಲೆಗಳಿಗೆ ಹೋಗಿ ಪಡೆಯುವ ಕೆಲಸದ ಶಿಕ್ಷಣವು ಎಷ್ಟರ ಮಟ್ಟಿಗೆ ಫಲಕಾರಿಯಾಗುತ್ತಿದೆ? ಅದು ಫಲಕಾರಿಯಾಯಿತೋ ಇಲ್ಲವೋ ಎಂಬುದನ್ನು ಅರಿಯುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ಕುರಿತು ತಿಳಿದಷ್ಟನ್ನು ಅರಿಕೆ ಮಾಡಿಕೊಳ್ಳಬೇಕೆಂದು ಅವರ ಆಜ್ಞೆಯಾಗಿದೆ. ಮಠದಲ್ಲಿ ಇಂತಹ ಲೌಕಿಕ ವಿಷಯವೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಕಾಯಕವನ್ನು ಪೂಜೆಯ ಪದವಿಗೆ ಏರಿಸಿದ ಶರಣರ ಸಂತತಿಯವರಾದ ನಮಗೆ ಕಾಯಕದ ಕಲಿಕೆಯು ಲೌಕಿಕ ಮಾತ್ರವೆನ್ನುವಂತಿಲ್ಲ. ಅರೆಬರೆಯಾಗಿ ಕಲಿತವನ ಕಾಯಕವು ಸತ್ಯಶುದ್ಧವಾಗುವುದು ಹೇಗೆ?

ನಮ್ಮ ಈ ನಾಡು ವಿದ್ಯೆಗೆ ಹೊಸದಲ್ಲ. ಸೇಡಮ್ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಗ್ರಂಥಗಳನ್ನು ಓದದ ಕನ್ನಡಿಗರಲ್ಲಿಯೂ ಕಾವ್ಯಪ್ರಯೋಗದ ನೈಪುಣ್ಯವುಂಟೆಂದು ಕೊಂಡಾಡಿತು. ಬಳಕೆಯಿಂದಲೇ ಬರುವ ವಿದ್ಯೆಯೊಂದುಂಟೆಂಬುದನ್ನು ನಮ್ಮವರು ಅಂದೇ ಬಲ್ಲವರಾಗಿದ್ದರು. ಅದೇ ಅರಸನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆಯುವಾಗ ಸಂಖ್ಯೆಗಳ ಸ್ವರೂಪವನ್ನು ಹೇಳಿ ಅಷ್ಟಕ್ಕೇ ನಿಲ್ಲಲಿಲ್ಲ. ಅಗೆತದ ಲೆಕ್ಕ, ನೆರಳಿನ ಲೆಕ್ಕ, ಚಿನ್ನದ ಬೆರಕೆಯ ಲೆಕ್ಕಗಳನ್ನೂ ಅದರಲ್ಲಿ ಸೇರಿಸಿದನು. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದಿತು. ಅಲ್ಲಿಯ 1058ರ ಶಾಸನವು ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನೂ, ವೇದಕ್ಕೂ ಶಾಸ್ತ್ರಗಳಿಗೂ ಬೇರೆ ಬೇರೆ ಉಪಾಧ್ಯಾಯರನ್ನೂ, ಗ್ರಂಥಭಂಡಾರವನ್ನು ನೋಡಿಕೊಳ್ಳುವ 6 ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಒಂದೊಂದು ವಿದ್ಯೆಗೆ ಒಂದೊಂದು ಬಗೆಯ ಗುರು, ಒಂದೊಂದು ಬಗೆಯ ಏರ್ಪಾಡು ಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತವನ್ನು ನಾನು ಕಾಣೆನು.

ಈ ಕಾಲದ ಕಡೆಗೆ ಬರೋಣ. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಹಾದಿ ತೆರೆದ ಮೇಲೆ ನಮ್ಮ ನೆಲದೊಳಗಿನ ಸುಣ್ಣಕಲ್ಲಿಗೆ ಹೊರಗಿನ ಪೇಟೆ ದೊರೆಯಿತು. ಶಹಾಬಾದದಲ್ಲಿ ಸಿಮೆಂಟಿನ ಕಾರ್ಖಾನೆಯು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿಯೇ ನೆಲೆಗೊಂಡಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದುಗೂಡಿ ಎ.ಸಿ.ಸಿ. ಎಂಬ ಸಂಸ್ಥೆಯಾದಾಗ ಅದೂ ಅವುಗಳಲ್ಲೊಂದಾಗಿತ್ತು. 1968ರಲ್ಲಿ ವಾಡಿಯಲ್ಲಿ, ಅನಂತರ 1980ರ ದಶಕದಲ್ಲಿ ಮಳಖೇಡದಲ್ಲಿಯೂ ಸೇಡಮಿನಲ್ಲಿಯೂ ದೊಡ್ಡ ಕಾರ್ಖಾನೆಗಳೆದ್ದವು. ಚಿಂಚೋಳಿ ತಾಲೂಕಿನಲ್ಲಿಯೂ ಸಿಮೆಂಟಿನ ಉದ್ಯಮವು ಕಾಲಿಟ್ಟಿದೆ. ಫರ್ಸಿ ಕಲ್ಲಿನ ಖಣಿಗಳು ಇವೆಲ್ಲವುಗಳಿಗಿಂತ ಹಳೆಯವು. ತೊಗರಿಯ ಬೆಳೆಯಂತೂ ನಮ್ಮ ಮನೆಯ ಹೆಸರೇ ಆಗಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕೆಲಸವಿಲ್ಲದ ನಾಡು ಇದಲ್ಲ. ಆದರೂ ನಮ್ಮ ಮಕ್ಕಳು ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಗಂಟು ಕಟ್ಟಿಕೊಂಡು ಹೋಗುತ್ತಿರುವರು. ಇದಕ್ಕೆ ಅನೇಕ ಕಾರಣಗಳುಂಟು. ಕೆಲಸವನ್ನು ಕಲಿಸುತ್ತೇವೆಂದು ಹೇಳಿ ಕಲಿಸದೆ ಬಿಡುವುದೂ ಅವುಗಳಲ್ಲೊಂದೆಂದು ನಾನು ತಿಳಿದಿದ್ದೇನೆ.

ಹಿಂದೆ ಕಚೇರಿಗಳಲ್ಲಿ ಉಮೇದುವಾರಿಯೆಂಬ ಪದ್ಧತಿಯಿತ್ತು. ಸಂಬಳವಿಲ್ಲದೆ ವರ್ಷಗಟ್ಟಲೆ ದುಡಿದು, ಬರೆಯುವುದನ್ನೂ ಲೆಕ್ಕವನ್ನೂ ಕಲಿತು, ಎಂದಾದರೊಂದು ದಿನ ಕೆಲಸ ಸಿಕ್ಕೀತೆಂಬ ಆಸೆಯಿಂದ ಕಾದಿರುವುದೇ ಉಮೇದುವಾರಿಯು. ಈಗ ಅದಕ್ಕೆ ಕಾನೂನಿನ ಕಟ್ಟು ಬಂದಿದೆ. 1961ರ ಅಪ್ರೆಂಟಿಸ್ ಕಾಯಿದೆಯು ಮೊದಲು ಕಸಬುದಾರರನ್ನು ಕುರಿತದ್ದಾಗಿತ್ತು. 1973ರಲ್ಲಿ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ, 2014ರಲ್ಲಿ ಇತರ ಪದವೀಧರರೂ ಅದರೊಳಗೆ ಬಂದರು. 2019ರ ನಿಯಮಗಳ ಮೇರೆಗೆ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯು ತನ್ನ ಜನಬಲದ ನೂರಕ್ಕೆ ಎರಡೂವರೆಯಿಂದ ಹದಿನೈದರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳತಕ್ಕದ್ದು.

ಇನ್ನು ಬೇರೆ ಬೇರೆ ವಿದ್ಯೆಗಳ ಕಡೆ ನೋಡಿದರೆ, ವೈದ್ಯ ವಿದ್ಯಾರ್ಥಿಗೆ ಪರೀಕ್ಷೆ ಮುಗಿದ ಮೇಲೆ ಒಂದು ವರ್ಷ ಆಸ್ಪತ್ರೆಯ ಸೇವೆಯು ಕಡ್ಡಾಯವು. 2014ರ ನಿಯಮಗಳು ಎರಡು ವರ್ಷದ ಬಿ.ಎಡ್. ವ್ಯಾಸಂಗದಲ್ಲಿ 20 ವಾರಗಳ ಶಾಲಾನುಭವವನ್ನು ವಿಧಿಸಿದವು. ನ್ಯಾಯಶಾಸ್ತ್ರದಲ್ಲಿ 2008ರ ನಿಯಮಗಳು ಮೂರು ವರ್ಷದ ವ್ಯಾಸಂಗಕ್ಕೆ 12 ವಾರ, ಐದು ವರ್ಷದ್ದಕ್ಕೆ 20 ವಾರಗಳ ಕಾರ್ಯಾನುಭವವನ್ನು ಗೊತ್ತುಪಡಿಸಿದವು. ಲೆಕ್ಕಪರಿಶೋಧಕರ ಶಿಷ್ಯವೃತ್ತಿಯು 2023ರಲ್ಲಿ ಮೂರು ವರ್ಷಗಳಿಂದ ಎರಡಕ್ಕೆ ಇಳಿಯಿತು. ಕೃಷಿ ವಿದ್ಯಾರ್ಥಿಗಳು ಒಂದು ಅವಧಿಯಷ್ಟು ಕಾಲ ಹಳ್ಳಿಯಲ್ಲಿ ರೈತರೊಡನಿದ್ದು ಕಲಿಯಬೇಕು. ಹೀಗೆ ಎಲ್ಲ ವಿದ್ಯೆಗಳೂ ಕೆಲಸದ ಮನೆಯ ಬಾಗಿಲಿಗೆ ಬಂದು ನಿಂತಿವೆ. ಇಷ್ಟು ವಾರಗಳೆಂದು ಎಣಿಸಿದ ನಿಯಮಗಳು ಬೇಕಾದಷ್ಟಿವೆ. ಆ ವಾರಗಳಲ್ಲಿ ಏನಾಯಿತೆಂದು ಕೇಳುವವರು ಮಾತ್ರ ವಿರಳ.

ಇಲ್ಲಿ ನನ್ನದೊಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುವುದು ಅವಶ್ಯವಾಗಿದೆ. ನಾನು ಅನೇಕ ವರ್ಷಗಳ ಕಾಲ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದವನು. ವಿದ್ಯಾರ್ಥಿಗಳನ್ನು ಕಾರ್ಖಾನೆಗಳಿಗೆ ಕಳುಹಿಸಿ, ಅವರು ತಂದ ವರದಿಗಳಿಗೆ ಅಂಕ ಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಖಣಿಯಲ್ಲಿ ಕಲ್ಲು ಒಡೆಯುವವನ ಮಗನೊಬ್ಬನು ಆರು ವಾರ ತರಬೇತಿ ಪಡೆದು, ನಲವತ್ತು ಪುಟಗಳ ಅಂದವಾದ ವರದಿಯನ್ನೂ ಮೊಹರು ಬಿದ್ದ ಪ್ರಮಾಣಪತ್ರವನ್ನೂ ತಂದೊಪ್ಪಿಸಿದನು. ನಾನು ನೂರಕ್ಕೆ 96 ಅಂಕಗಳನ್ನು ಕೊಟ್ಟು, ಉಳಿದವರಿಗೆ ಅವನನ್ನು ಮಾದರಿಯೆಂದು ತೋರಿಸಿದೆನು. ಎರಡು ವರ್ಷಗಳ ಮೇಲೆ ಅವನು ದೂರದ ಊರಿಗೆ ಕೆಲಸದ ಸಂದರ್ಶನಕ್ಕೆ ಹೋದಾಗ, ಮುಂದೆ ಪುಡಿಯ ರಾಶಿಯೊಂದನ್ನಿಟ್ಟು, ಇಡೀ ರಾಶಿಯ ಗುಣವನ್ನು ತೋರಿಸುವಂತಹ ಹಿಡಿಯಷ್ಟು ಮಾದರಿಯನ್ನು ತೆಗೆದುಕೊಡೆಂದರಂತೆ. ಅದು ಪ್ರಯೋಗಶಾಲೆಯ ಮೊದಲನೆಯ ಪಾಠ. ಅವನಿಗೆ ಬರಲಿಲ್ಲ. ಆ ಆರು ವಾರಗಳಲ್ಲಿ ಅವನನ್ನು ಪ್ರಯೋಗಶಾಲೆಯ ಒಳಗೆ ಬಿಟ್ಟಿರಲೇ ಇಲ್ಲ; ಬಾಗಿಲಲ್ಲಿ ಕುಳ್ಳಿರಿಸಿ ಲಾರಿಗಳ ಎಣಿಕೆ ಬರೆಸಿದ್ದರು. ವರದಿಯನ್ನು ಅವನು ಹಿಂದಿನ ವರ್ಷದವರ ವರದಿಯಿಂದ ಬರೆದುಕೊಂಡಿದ್ದನು.

ಅವನು ನನ್ನ ಮನೆಗೆ ಬಂದದ್ದು ದೂರುವುದಕ್ಕಲ್ಲ. “ಸರ್, ಅದನ್ನು ಒಮ್ಮೆ ತೋರಿಸಿಕೊಡ್ರಿ” ಎಂದನು. ಮನೆ ಕಟ್ಟಲು ತರಿಸಿದ್ದ ಮರಳಿನ ರಾಶಿಯು ಅಂಗಳದಲ್ಲಿತ್ತು. ರಾಶಿಯನ್ನು ಗೋಪುರದಂತೆ ಮಾಡುವುದು, ಅದನ್ನು ಚಪ್ಪಟೆ ಒತ್ತಿ ನಾಲ್ಕು ಪಾಲು ಮಾಡುವುದು, ಎದುರುಬದುರಿನ ಎರಡು ಪಾಲುಗಳನ್ನು ತೆಗೆದುಹಾಕಿ ಉಳಿದೆರಡನ್ನು ಬೆರೆಸಿ ಮತ್ತೆ ಹಾಗೆಯೇ ಮಾಡುವುದು, ಇಷ್ಟನ್ನು ತೋರಿಸಿದೆನು. ಅರ್ಧ ಗಂಟೆ ಹಿಡಿಯಿತು. ಅವನು ಕೈ ಒರೆಸಿಕೊಂಡು ನಮಸ್ಕಾರ ಮಾಡಿ ಹೋದನು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾನು ಕೊಟ್ಟ 96 ಅಂಕಗಳು ಯಾವುದಕ್ಕೆ ಕೊಟ್ಟವು? ಕಾಗದಕ್ಕೆ ಕೊಟ್ಟವು, ರಟ್ಟಿಗೆ ಕೊಟ್ಟವು. ಅವನ ತಂದೆಯು ಕಲಿತ ವಿದ್ಯೆಯನ್ನು ನೆನೆದೆನು. ಸುತ್ತಿಗೆಯ ಸದ್ದನ್ನು ಕೇಳಿ ಪದರು ಎಲ್ಲಿದೆಯೆಂದು ಅರಿಯುವ ಆ ವಿದ್ಯೆಗೆ ಪ್ರಮಾಣಪತ್ರವಿರಲಿಲ್ಲ. ಫರ್ಸಿಯು ಸಮನಾಗಿ ಎದ್ದಿತೇ ಒಡೆಯಿತೇ ಎಂಬುದೇ ಅದರ ಪರೀಕ್ಷೆಯು. ಆ ತಂದೆಗೆ ಕಲ್ಲೇ ಪರೀಕ್ಷಕನಾಗಿತ್ತು. ಮಗನಿಗೆ ನನ್ನಂತಹ ಪರೀಕ್ಷಕನು ದೊರೆತದ್ದು ಅವನ ದುರ್ದೈವವೆಂದೇ ಹೇಳಬೇಕು.

ಹಾಗಾದರೆ ಸರಿಯಾದ ಪರೀಕ್ಷೆಯೆಂತು? ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು 1959ರಲ್ಲಿ ಆರಂಭಿಸಿದ ಲೇಖನಮಾಲೆಯಲ್ಲಿ, ತರಬೇತಿಯ ಫಲವನ್ನು ನಾಲ್ಕು ಮೆಟ್ಟಿಲುಗಳಲ್ಲಿ ನೋಡಬೇಕೆಂದು ಹೇಳಿದರು. ಕಲಿತವನಿಗೆ ಅದು ಹೇಗೆನಿಸಿತು ಎಂಬುದು ಮೊದಲನೆಯದು. ಅವನು ಏನನ್ನು ಕಲಿತನು ಎಂಬುದು ಎರಡನೆಯದು. ಕಲಿತದ್ದನ್ನು ಕೆಲಸದಲ್ಲಿ ಆಚರಿಸುತ್ತಿರುವನೇ ಎಂಬುದು ಮೂರನೆಯದು. ಆ ಆಚರಣೆಯಿಂದ ಸಂಸ್ಥೆಗೂ ಜನಕ್ಕೂ ಏನು ಫಲವಾಯಿತು ಎಂಬುದು ನಾಲ್ಕನೆಯದು. ಇದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೆಚ್ಚಿಗೆ, ಅರಿವು, ಆಚಾರ, ದಾಸೋಹ ಎನ್ನಬಹುದು. ಅರಿವು ಆಚಾರವಾಗದಿದ್ದರೆ ಅದು ಅರಿವೇ ಅಲ್ಲವೆಂದೂ, ಕಾಯಕದ ಫಲವು ಸಮಾಜಕ್ಕೆ ಸಲ್ಲದಿದ್ದರೆ ಅದು ಅರ್ಧ ಕಾಯಕವೆಂದೂ ಶರಣರು ನಮಗೆ ಕಲಿಸಿಲ್ಲವೇ? ಆ ವಿದ್ವಾಂಸರು ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ನಮ್ಮ ಸಂಸ್ಥೆಗಳು ಹೆಚ್ಚಾಗಿ ಮೊದಲನೆಯದರಲ್ಲಿಯೇ ನಿಂತುಬಿಡುತ್ತವೆ. ಕೊನೆಯ ದಿನ ಒಂದು ಹಾಳೆಯನ್ನು ಕೊಟ್ಟು, “ತರಬೇತಿಯು ಚೆನ್ನಾಗಿತ್ತೇ?” ಎಂದು ಕೇಳುತ್ತಾರೆ. ಊಟ ಚಹಾ ಚೆನ್ನಾಗಿದ್ದರೆ ಎಲ್ಲರೂ “ಬಹಳ ಚೆನ್ನಾಗಿತ್ತು” ಎಂದು ಬರೆಯುತ್ತಾರೆ.

ಈ ನಾಲ್ಕು ಮೆಟ್ಟಿಲುಗಳು ಎಲ್ಲ ವಿದ್ಯೆಗಳಿಗೂ ಸಮಾನವಾದವು. ಆದರೆ ಒಂದೊಂದು ಮೆಟ್ಟಿಲಿನ ಮೇಲೆ ಹಿಡಿಯತಕ್ಕ ಅಳತೆಗೋಲು ವಿದ್ಯೆಯಿಂದ ವಿದ್ಯೆಗೆ ಬೇರೆಯಾಗುತ್ತದೆ. ಇದನ್ನು ಕೆಲವು ಉದಾಹರಣೆಗಳಿಂದ ಸ್ಪಷ್ಟಪಡಿಸುತ್ತೇನೆ.

ಇಂಜಿನಿಯರಿಂಗ್ ಮತ್ತು ರಸಾಯನಶಾಸ್ತ್ರದ ವಿದ್ಯಾರ್ಥಿಯು ಸಿಮೆಂಟಿನ ಕಾರ್ಖಾನೆಗೆ ಹೋದನೆನ್ನಿರಿ. ಸುಣ್ಣಕಲ್ಲು ಸುಮಾರು 1450 ಡಿಗ್ರಿಯ ಉರಿಯಲ್ಲಿ ಬೆಂದು ಕ್ಲಿಂಕರ್ ಆಗುವುದನ್ನು ಅವನು ಪುಸ್ತಕದಲ್ಲಿ ಓದಿರುತ್ತಾನೆ. ಅದನ್ನೇ ಮತ್ತೆ ಬರೆಯಿಸಿದರೆ ಪರೀಕ್ಷೆಯಾಗದು. ಬೇಯದೆ ಉಳಿದ ಸುಣ್ಣದ ಪ್ರಮಾಣವನ್ನು ತಾನೇ ಕಂಡುಹಿಡಿದು, ಅದು ಹೆಚ್ಚಾಗಿದ್ದರೆ ಕಾರಣವು ಉರಿಯಲ್ಲಿದೆಯೋ ಕಲ್ಲಿನ ಮಿಶ್ರಣದಲ್ಲಿದೆಯೋ ಪುಡಿಯ ನಯದಲ್ಲಿದೆಯೋ ಎಂದು ವಿಚಾರಿಸಿ ಹೇಳಬಲ್ಲನೇ? ಅವನ ಎಣಿಕೆಯೂ ಅಲ್ಲಿಯ ನುರಿತ ಪರೀಕ್ಷಕನ ಎಣಿಕೆಯೂ ಎಷ್ಟು ಸಮೀಪದಲ್ಲಿವೆ? ಇದು ಅಳೆಯಬಹುದಾದ ಅರಿವು. ಯಂತ್ರದ ಬಳಿ ಹೋಗುವ ಮೊದಲು ವಿದ್ಯುತ್ತನ್ನು ಕಡಿದು ಬೀಗ ಹಾಕುವ ಅಭ್ಯಾಸವು ಯಾರೂ ನೋಡದಿರುವಾಗಲೂ ಅವನಲ್ಲಿ ಉಳಿದಿದೆಯೇ ಎಂಬುದು ಆಚಾರ. ಈ ಎರಡನೆಯದು ಲಿಖಿತ ಪರೀಕ್ಷೆಗೆ ಸರ್ವಥಾ ಸಿಕ್ಕುವುದಿಲ್ಲ. ಆದರೆ ಜೀವವು ನಿಂತಿರುವುದು ಅದರ ಮೇಲೆಯೇ.

ಕೃಷಿಯ ವಿದ್ಯಾರ್ಥಿಯ ಮಾತು ಬೇರೆ. ಚಿಂಚೋಳಿಯ ಕಡೆಯ ಹಳ್ಳಿಯೊಂದರಲ್ಲಿ ಅವಳು ರೈತನಿಗೆ ತೊಗರಿಯ ಕುಡಿ ಚಿವುಟುವ ಕ್ರಮವನ್ನು ತೋರಿಸಿದಳೆನ್ನಿರಿ. ಸರಿಯಾದ ಸಮಯದಲ್ಲಿ ಕುಡಿಯನ್ನು ಚಿವುಟಿದರೆ ಪಕ್ಕದ ಟೊಂಗೆಗಳು ಹೆಚ್ಚಿ ಕಾಯಿ ಹೆಚ್ಚುತ್ತದೆಂಬುದು ಶಾಸ್ತ್ರ. ಅವಳ ವಹಿಯಲ್ಲಿ ಪ್ರಾತ್ಯಕ್ಷಿಕೆಯ ಛಾಯಾಚಿತ್ರವಿರುತ್ತದೆ, ರೈತನ ಸಹಿಯಿರುತ್ತದೆ. ಆದರೆ ನಿಜವಾದ ಪರೀಕ್ಷೆಯು ಮರುವರ್ಷ. ಅವಳು ಊರು ಬಿಟ್ಟ ಮೇಲೆ ಆ ರೈತನು ತಾನಾಗಿಯೇ ಕುಡಿ ಚಿವುಟಿದನೇ? ಪಕ್ಕದ ಹೊಲದವನು ಕೇಳಿ ತಿಳಿದುಕೊಂಡನೇ? ಅದೂ ಅಲ್ಲದೆ, ರೈತನಿಂದ ಅವಳು ಏನನ್ನು ಕಲಿತಳು? ಕಲಿಸಿದ್ದನ್ನು ಮಾತ್ರ ಬರೆದು, ಕಲಿತದ್ದನ್ನು ಬರೆಯದ ವಹಿಯು ಅಪೂರ್ಣವು.

ಶಿಕ್ಷಕರ ತರಬೇತಿಯು ನಮಗೆ ಎಲ್ಲಕ್ಕಿಂತ ಹತ್ತಿರದ ನೋವು. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯು ನೂರಕ್ಕೆ 42.43ರಷ್ಟು ಫಲಿತಾಂಶದಿಂದ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿ ನಿಂತಿತು. ಇದಕ್ಕೆ ಉಪಾಧ್ಯಾಯರೊಬ್ಬರನ್ನೇ ಹೊಣೆ ಮಾಡುವುದು ಅನ್ಯಾಯ. ಬಡತನ, ವಲಸೆ, ಖಾಲಿ ಹುದ್ದೆಗಳು, ಮನೆಯಲ್ಲಿ ಓದಿಸುವವರಿಲ್ಲದಿರುವುದು, ಇವೆಲ್ಲವೂ ಕಾರಣಗಳೇ. ಆದರೂ ಶಾಲಾನುಭವಕ್ಕೆ ಬಂದ ತರುಣ ಶಿಕ್ಷಕಿಯನ್ನು ನಾವು ಹೇಗೆ ಪರೀಕ್ಷಿಸುತ್ತೇವೆ? ಬಣ್ಣದ ಚಾರ್ಟುಗಳನ್ನು ನೋಡುತ್ತೇವೆ, ಪಾಠದ ಟಿಪ್ಪಣಿಗೆ ಸಹಿ ಹಾಕುತ್ತೇವೆ. ಹಿಂದಿನ ಬೆಂಚಿನ ಮಗುವು ಭಿನ್ನರಾಶಿಯನ್ನು ಮೊದಲು ಎಷ್ಟು ಬಲ್ಲದ್ದಾಗಿತ್ತು, ಅವಳು ಮೂರು ವಾರ ಕಲಿಸಿದ ಮೇಲೆ ಎಷ್ಟು ಬಲ್ಲದ್ದಾಯಿತು ಎಂಬುದನ್ನು ಮಾತ್ರ ಕೇಳುವುದಿಲ್ಲ. ಶಿಕ್ಷಕಿಯ ತರಬೇತಿಯ ಫಲವನ್ನು ಮಗುವಿನ ಮುಖದಲ್ಲಿ ಓದಬೇಕಲ್ಲದೆ ಚಾರ್ಟಿನಲ್ಲಲ್ಲ.

ವೈದ್ಯನಿಗೆ ಎಷ್ಟು ರೋಗಿಗಳನ್ನು ನೋಡಿದನೆಂಬ ಎಣಿಕೆಯ ವಹಿಯುಂಟು. ಅದು ಅವಶ್ಯವೇ ಸರಿ. ಆದರೆ ತಾಲೂಕು ಆಸ್ಪತ್ರೆಗೆ ರಾತ್ರಿ ಹಾವು ಕಚ್ಚಿದವನು ಬಂದಾಗ, ಇಲ್ಲವೇ ರಕ್ತಹೀನಳಾದ ಬಸುರಿ ಹೆಂಗಸು ಬಂದಾಗ, ತಾನು ಮಾಡಬಹುದಾದದ್ದು ಯಾವುದು, ಹಿರಿಯರನ್ನು ಕರೆಯಬೇಕಾದದ್ದು ಯಾವಾಗ, ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕಾದದ್ದು ಎಷ್ಟು ಬೇಗ ಎಂಬ ವಿವೇಕವು ಹುಟ್ಟಿತೇ? ಲೆಕ್ಕಪತ್ರದ ವಿದ್ಯಾರ್ಥಿಯಾದರೆ, ಜಮಾಖರ್ಚು ಸರಿಹೊಂದಿಸುವುದನ್ನು ಮಾತ್ರ ಕಲಿತನೋ, ಸರಿಹೊಂದಿಸಿದ ಲೆಕ್ಕದೊಳಗೆ ಸುಳ್ಳು ಅಡಗಿದ್ದರೆ ಅದನ್ನು ಹೇಳುವ ಧೈರ್ಯವನ್ನೂ ಕಲಿತನೋ? ಕಲ್ಯಾಣದ ಭಂಡಾರವನ್ನು ಕಾಯ್ದ ಬಸವಣ್ಣನವರ ಹೆಸರನ್ನು ಹೇಳುವ ನಮಗೆ ಈ ಪ್ರಶ್ನೆಯು ಸಣ್ಣದಲ್ಲ. ಕನ್ನಡ, ಇತಿಹಾಸಗಳನ್ನು ಓದುವವರಿಗೂ ಕೆಲಸದ ತರಬೇತಿಯುಂಟೇ ಎಂದು ಕೆಲವರು ನಗುವರು. ಮಳಖೇಡದ ಕೋಟೆಯನ್ನೂ ನಾಗಾವಿಯ ಶಾಸನಗಳನ್ನೂ ಮಠಗಳ ತಾಳೆಗರಿಗಳನ್ನೂ ಇಟ್ಟುಕೊಂಡು ಹೀಗೆ ಕೇಳುವುದು ಆಶ್ಚರ್ಯವು. ಒಂದು ಶಾಸನವನ್ನು ಸ್ವಂತ ಕಣ್ಣಿನಿಂದ ಓದಿ, ಅನುಮಾನದ ಅಕ್ಷರವನ್ನು ಅನುಮಾನವೆಂದೇ ಗುರುತು ಮಾಡುವ ಪ್ರಾಮಾಣಿಕತೆಯು ಬಂದಿತೇ ಎಂಬುದು ಅವರ ಪರೀಕ್ಷೆಯು.

ಇನ್ನು ಪರೀಕ್ಷೆಯ ಕಾಲವನ್ನು ಕುರಿತು ಒಂದು ಮಾತು. ವಾಡಿ ಸೇಡಮುಗಳ ಜನರಿಗೆ ಸಿಮೆಂಟಿನ ಪರೀಕ್ಷೆಯು ತಿಳಿದದ್ದೇ. ಸಿಮೆಂಟು ಮರಳುಗಳನ್ನು ಕಲಸಿ ಅಚ್ಚಿನಲ್ಲಿ ಘನಾಕಾರದ ಗಟ್ಟಿಗಳನ್ನು ಎರೆದು, ನೀರಿನಲ್ಲಿಟ್ಟು, 3 ದಿನ, 7 ದಿನ, 28 ದಿನಗಳ ಮೇಲೆ ಒತ್ತಿ ಒಡೆದು ನೋಡುವರು. ಚೀಲದ ಮೇಲೆ 53 ಎಂದು ಬರೆದಿರುವುದು 28ನೆಯ ದಿನದ ಬಲವನ್ನು. ಆ ಸಿಮೆಂಟಿಗೆ 3ನೆಯ ದಿನ 27, 7ನೆಯ ದಿನ 37 ಇದ್ದರೆ ಸಾಕು. ಎರೆದ ದಿನವೇ ಒತ್ತಿ ನೋಡಿದರೆ ಅತ್ಯುತ್ತಮವಾದ ಸಿಮೆಂಟೂ ಪುಡಿಯಾಗುವುದು. ತರಬೇತಿಯನ್ನಾದರೋ ನಾವು ಎರೆದ ದಿನವೇ ಪರೀಕ್ಷಿಸಿ, ಮತ್ತೆಂದೂ ನೋಡುವುದಿಲ್ಲ. ತರಬೇತಿಯು ಮುಗಿದಾಗ ಒಮ್ಮೆ, ಆರು ತಿಂಗಳಿಗೆ ಒಮ್ಮೆ, ಎರಡು ವರ್ಷಕ್ಕೆ ಒಮ್ಮೆ ನೋಡಬೇಕು. ನಡುವೆ ನೀರುಣಿಸದೆ ಬಿಟ್ಟ ಗಟ್ಟಿಯು ಬಲಗೊಳ್ಳುವುದಿಲ್ಲ. ಕಲಿತದ್ದನ್ನು ಬಳಸಲು ಅವಕಾಶವಿಲ್ಲದ ವಿದ್ಯಾರ್ಥಿಯ ಗತಿಯೂ ಅದೇ. ಅಂತಹವನು ಸೋತರೆ ತರಬೇತಿಯ ದೋಷವೋ, ಅನಂತರದ ಅನಾದರದ ದೋಷವೋ ಎಂದು ವಿವೇಚಿಸಬೇಕು.

ಈ ವಿಚಾರದಲ್ಲಿ ಸಾಮಾನ್ಯವಾಗಿ ಆಗುವ ಮೂರು ಭ್ರಾಂತಿಗಳನ್ನು ಎತ್ತಿ ಹೇಳುವುದು ಉಚಿತವೆನಿಸುತ್ತದೆ. ಮೊದಲನೆಯದು, ಕೆಲಸ ಸಿಕ್ಕಿತೇ ಇಲ್ಲವೇ ಎಂಬುದನ್ನೊಂದೇ ನೋಡುವುದು. ಕೆಲಸವು ಸಿಕ್ಕುವುದು ಪೇಟೆಯ ಏರಿಳಿತದ ಮೇಲೆಯೂ ಪರಿಚಯದ ಮೇಲೆಯೂ ನಿಂತಿರುತ್ತದೆ. ತರಬೇತಿ ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂಬ ಹೊಣೆಯನ್ನು ಅಪ್ರೆಂಟಿಸ್ ಕಾಯಿದೆಯು ಸಾಮಾನ್ಯವಾಗಿ ಮಾಲೀಕನ ಮೇಲೆ ಹೊರಿಸುವುದಿಲ್ಲ. ಕಾರ್ಖಾನೆಗಳು ಕೈಬದಲಾಗುತ್ತವೆ, ಕೆಲವು ಬಾಗಿಲು ಹಾಕಿಕೊಳ್ಳುತ್ತವೆ; ಅಂದು ಚೆನ್ನಾಗಿ ಕಲಿತವನೂ ಬೀದಿಗೆ ಬೀಳುತ್ತಾನೆ. ಎರಡನೆಯದು, ಮೊದಲೇ ಜಾಣನಾದವನನ್ನು ಆರಿಸಿ ತರಬೇತಿ ಕೊಟ್ಟು, ಅವನು ಗೆದ್ದಾಗ ತರಬೇತಿಯ ಮಹಿಮೆಯೆಂದು ಹೇಳಿಕೊಳ್ಳುವುದು. ಆದಕಾರಣ ಬರುವಾಗ ಎಷ್ಟು ಬಲ್ಲವನಾಗಿದ್ದನೆಂಬುದನ್ನು ಬರೆದಿಡಬೇಕು. ತರಬೇತಿಗೆ ಹೋಗದ ಅವನ ಸಹಪಾಠಿಯು ಅಷ್ಟೇ ಕಾಲದಲ್ಲಿ ಎಷ್ಟು ಮುಂದುವರಿದನೆಂಬುದನ್ನೂ ನೋಡಬೇಕು. ಮೂರನೆಯದು, ಕಲಿಸಿದವನಿಂದಲೇ ಪ್ರಮಾಣಪತ್ರವನ್ನೂ ಬರೆಯಿಸುವುದು. ತನ್ನ ಅಡಿಗೆಯನ್ನು ತಾನೇ ರುಚಿಯೆನ್ನುವವನ ಮಾತಿಗೆ ಬೆಲೆಯಷ್ಟೇ?

ಇನ್ನೊಂದು ಸಂಗತಿಯನ್ನು ತಾಯಂದಿರ ಮುಂದೆ ಹೇಳದೆ ಇರಲಾರೆನು. ಒಂದೇ ತರಬೇತಿಯು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಸಂಜೆಯ ಬಸ್ಸು ತಪ್ಪಿದರೆ ಊರು ಸೇರಲಾಗದ ಹುಡುಗಿಗೆ, ಹಗಲು ಕೂಲಿ ಬಿಟ್ಟರೆ ಮನೆಯ ಒಲೆ ಉರಿಯದ ಹುಡುಗನಿಗೆ, ಕಾರ್ಖಾನೆಯ ಬಾಗಿಲಿನೊಳಗೆ ಪರಿಚಿತರು ಯಾರೂ ಇಲ್ಲದವನಿಗೆ ಆ ಆರು ವಾರಗಳು ಉಳಿದವರ ಆರು ವಾರಗಳಂತಲ್ಲ. ಒಟ್ಟು ನೂರರಲ್ಲಿ ತೊಂಬತ್ತು ಮಂದಿ ಮುಗಿಸಿದರೆಂದು ಹಿಗ್ಗುವ ಮೊದಲು, ಬಿಟ್ಟುಹೋದ ಹತ್ತು ಮಂದಿ ಯಾರೆಂದು ಕೇಳಬೇಕು. ಅವರೆಲ್ಲರೂ ಒಂದೇ ಕೇರಿಯವರಾಗಿದ್ದರೆ, ಇಲ್ಲವೇ ಎಲ್ಲರೂ ಹೆಣ್ಣುಮಕ್ಕಳಾಗಿದ್ದರೆ, ಆ ತರಬೇತಿಯು ತೊಂಬತ್ತರ ಲೆಕ್ಕದಲ್ಲಿ ಗೆದ್ದು ಧರ್ಮದ ಲೆಕ್ಕದಲ್ಲಿ ಸೋತಿತೆಂದೇ ತಿಳಿಯಬೇಕು.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯ ದಂಪತಿಗಳ ಕಥೆಯು ತಮಗೆಲ್ಲರಿಗೂ ಗೊತ್ತಿದೆ. ಪತಿಯು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆ ಮಹಾತಾಯಿಯು ಹಿಗ್ಗಲಿಲ್ಲ; ಇದು ನಮ್ಮ ಕಾಯಕದ್ದಲ್ಲವೆಂದು ಹಿಂದಕ್ಕೆ ಕಳುಹಿಸಿದಳು. ಮನೆಯ ಬಾಗಿಲಲ್ಲಿ ನಿಂತ ಅಂತಹ ಪರೀಕ್ಷಕಿಯು ನಮ್ಮ ವಿದ್ಯಾಸಂಸ್ಥೆಗಳ ಬಾಗಿಲಲ್ಲಿಯೂ ಬೇಕಾಗಿದ್ದಾಳೆ. ನನ್ನ 96 ಅಂಕಗಳನ್ನು ಅವಳು ಅಂದೇ ಹಿಂದಿರುಗಿಸುತ್ತಿದ್ದಳು.

ಟೀಕಿಸುವುದು ಸುಲಭ. ಆದುದರಿಂದ ಒಂದು ವಿಜ್ಞಾಪನೆಯನ್ನೂ ಸನ್ನಿಧಾನದಲ್ಲಿ ಒಪ್ಪಿಸುತ್ತೇನೆ. ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನು ನಡೆಯಿಸುವುದು ನಮ್ಮ ಮಠಗಳ ಪರಂಪರೆಯು. ಕಲಬುರಗಿಯ ಶರಣಬಸವೇಶ್ವರರ ದಾಸೋಹ ಪೀಠದ ದೊಡ್ಡಪ್ಪ ಅಪ್ಪನವರು 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. 1958ರಲ್ಲಿ ಆರಂಭವಾದ ಕಲಬುರಗಿಯ ಇಂಜಿನಿಯರಿಂಗ್ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಆ ದಾರಿಯಲ್ಲಿ ನಮ್ಮ ಮಠವು ಈ ಮಹೋತ್ಸವದ ನೆನಪಿಗಾಗಿ ಒಂದು ಕಾಯಕದ ವಹಿಯನ್ನು ಆರಂಭಿಸಲಿ. ಇದಕ್ಕೆ ದೊಡ್ಡ ಕಟ್ಟಡವು ಬೇಡ. ಭಕ್ತರ ಮನೆಗಳಿಂದ ತರಬೇತಿಗೆ ಹೋಗುವ ಮಕ್ಕಳ ಹೆಸರು, ಅವರು ಹೋಗುವಾಗ ಬಲ್ಲದ್ದು, ಹಿಂದಿರುಗಿದಾಗ ತಮ್ಮ ಕೈಯಿಂದ ಮಾಡಿ ತೋರಿಸಬಲ್ಲದ್ದು, ಆರು ತಿಂಗಳು ಮತ್ತು ಎರಡು ವರ್ಷಗಳ ಮೇಲೆ ಅದು ಉಳಿದ ಬಗೆ, ಇಷ್ಟನ್ನು ಬರೆದಿಟ್ಟರೆ ಸಾಕು. ಮಾಡಿ ತೋರಿಸಿದ್ದನ್ನು ನೋಡಲು ಆಯಾ ಕಸಬಿನ ನಿವೃತ್ತರಾದ ಹಿರಿಯರು ನಮ್ಮಲ್ಲಿಯೇ ಇದ್ದಾರೆ. ಫಿಟ್ಟರುಗಳು, ಪ್ರಯೋಗಶಾಲೆಯವರು, ದಾದಿಯರು, ಉಪಾಧ್ಯಾಯರು, ಒಕ್ಕಲುಮಕ್ಕಳು ತಿಂಗಳಿಗೊಂದು ದಿನ ಮಠದ ಅಂಗಳಕ್ಕೆ ಬಂದರೆ ಅದೇ ಅವರ ದಾಸೋಹವಾಗುವುದು. ಕಲಿಸದ ಸಂಸ್ಥೆಯನ್ನು ಬಯ್ಯುವುದಕ್ಕಾಗಿ ಈ ವಹಿಯಲ್ಲ. ಎಲ್ಲಿ ಕಲಿಸುತ್ತಾರೋ ಅಲ್ಲಿಗೆ ಮುಂದಿನ ಮಗುವನ್ನು ಕಳುಹಿಸುವುದಕ್ಕಾಗಿ.

ಮಠಕ್ಕೆ ಇಷ್ಟೆಲ್ಲ ಲೆಕ್ಕವೇಕೆಂದು ಹಿರಿಯರೊಬ್ಬರು ನಿನ್ನೆ ನನ್ನನ್ನು ಕೇಳಿದರು. ಭಕ್ತಿಯನ್ನು ಅಳೆಯಲಾಗದೆಂಬುದು ನಿಜ. ನಾನು ಅಳೆಯಬೇಕೆನ್ನುತ್ತಿರುವುದು ಭಕ್ತಿಯನ್ನಲ್ಲ, ನಮ್ಮ ಮಾತನ್ನು. ಮಗುವಿಗೆ “ಕಲಿಸುತ್ತೇವೆ” ಎಂದು ಮಾತು ಕೊಟ್ಟು ಅವನ ಆಯುಷ್ಯದ ಆರು ವಾರಗಳನ್ನು ತೆಗೆದುಕೊಂಡ ಮೇಲೆ, ಆ ಮಾತು ಉಳಿಯಿತೇ ಎಂದು ನೋಡುವುದು ಋಣದ ವಿಷಯವು.

ಆ ಹುಡುಗನಿಗೆ ಮುಂದೆ ಕೆಲಸ ಸಿಕ್ಕಿತು. ಈಗ ಅವನು ತನ್ನ ಕೈಕೆಳಗೆ ಬರುವ ವಿದ್ಯಾರ್ಥಿಗಳನ್ನು ಮೊದಲನೆಯ ದಿನವೇ ರಾಶಿಯ ಮುಂದೆ ಕುಳ್ಳಿರಿಸುವನೆಂದು ಕೇಳಿದ್ದೇನೆ. ಅದು ನನ್ನ ತರಬೇತಿಯ ಫಲವೆಂದು ಹೇಳಿಕೊಳ್ಳುವ ಅಧಿಕಾರವು ನನಗಿಲ್ಲ. ನನ್ನಂತಹ ಇನ್ನೊಬ್ಬ ಅಧ್ಯಾಪಕನು ಇನ್ನೊಂದು ಮಗುವಿಗೆ ನೋಡದೆ ಅಂಕ ಕೊಡದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ.